ಲಿಂಕನ್ ಹೆದ್ದಾರಿಯನ್ನು ಕಾಯ್ದವರು

1928ನೆಯ ಇಸವಿ ಸೆಪ್ಟೆಂಬರ್ ಒಂದನೆಯ ತಾರೀಖು ಅಮೆರಿಕಾ ಸಂಯುಕ್ತ ಸಂಸ್ಥಾನದ ಬಾಲಚರರು ಒಂದು ಅಪರೂಪದ ಸೇವೆಯಲ್ಲಿ ತೊಡಗಿದ್ದರು. ಪೂರ್ವದ ನ್ಯೂಯಾರ್ಕಿನಿಂದ ಪಶ್ಚಿಮದ ಸ್ಯಾನ್‌ಫ್ರಾನ್ಸಿಸ್ಕೋವರೆಗೆ ಹೋಗುವ ದಾರಿಯ ಬದಿಯಲ್ಲಿ ಸುಮಾರು 3,000 ಕಾಂಕ್ರೀಟು ಕಂಬಗಳನ್ನು ನೆಡುವ ಕೆಲಸವದು. ಕಂಬಗಳಲ್ಲಿ ಅಬ್ರಹಾಂ ಲಿಂಕನ್ನರ ಮುಖವಿದ್ದ ಪುಟ್ಟ ಬಿಲ್ಲೆ. ಜೊತೆಗೆ ದಾರಿ ತೋರುವ ಬಾಣ. ಆದರೆ ಆ ಹೊತ್ತಿಗಾಗಲೇ ಸರ್ಕಾರದ ಹೊಸ ಪಟ್ಟಿಯಲ್ಲಿ ಲಿಂಕನ್ ಹೆದ್ದಾರಿ ಎಂಬ ಹೆಸರೇ ಇರಲಿಲ್ಲ. ಹೆಸರು ಹೋದ ದಾರಿಗೆ ಹುಡುಗರು ಗುರುತು ನೆಟ್ಟರು.

ಈ ಹೆದ್ದಾರಿಯ ಕಥೆ ಆರಂಭವಾದದ್ದು 1912ರಲ್ಲಿ. ಆಗ ಅಮೆರಿಕೆಯಲ್ಲಿ ದೂರದ ಪಯಣವೆಂದರೆ ರೈಲಿನದೇ. ಊರ ಹೊರಗಿನ ರಸ್ತೆಗಳು ಮಳೆಯಲ್ಲಿ ಕೆಸರು, ಬಿಸಿಲಿನಲ್ಲಿ ಧೂಳು. ಕಡಲಿನಿಂದ ಕಡಲಿಗೆ ಒಂದು ಗಟ್ಟಿ ರಸ್ತೆಯಾಗಬೇಕೆಂದು ಇಂಡಿಯಾನಾಪೊಲಿಸಿನ ಉದ್ಯಮಿ ಕಾರ್ಲ್ ಫಿಶರ್ ಸೂಚಿಸಿದರು. ಬೇಕಾದ ಒಂದು ಕೋಟಿ ಡಾಲರನ್ನು ಮೋಟಾರು ಉದ್ಯಮದವರಿಂದ ವಂತಿಗೆಯಾಗಿ ಎತ್ತುವುದು ಅವರ ಯೋಜನೆ. ಹೆನ್ರಿ ಫೋರ್ಡ್ ಮಾತ್ರ ಒಪ್ಪಲಿಲ್ಲ. ಖಾಸಗಿಯವರು ಹಣ ಕೊಟ್ಟು ರಸ್ತೆ ಮಾಡಿಸಿದರೆ, ರಸ್ತೆ ತನ್ನ ಹೊಣೆಯೆಂಬುದನ್ನು ಸಾರ್ವಜನಿಕರು ಎಂದೂ ಕಲಿಯಲಾರರೆಂಬುದು ಅವರ ವಾದ. ಆದರೂ 1913ರ ಜುಲೈ ಒಂದರಂದು ಲಿಂಕನ್ ಹೆದ್ದಾರಿ ಸಂಘ ಸ್ಥಾಪನೆಯಾಯಿತು. 13 ಸಂಸ್ಥಾನಗಳನ್ನು ಹಾಯ್ದು 3,389 ಮೈಲಿ ಸಾಗುವ ಮಾರ್ಗವನ್ನು ಅದು ಗುರುತಿಸಿತು.

ಎಣಿಸಿದಷ್ಟು ಹಣ ಬರಲಿಲ್ಲ. ಆಗ ಸಂಘವು ಒಂದು ಉಪಾಯ ಹೂಡಿತು. ಅಲ್ಲಲ್ಲಿ ಒಂದೊಂದು ಮೈಲಿ ಮಾತ್ರ ಕಾಂಕ್ರೀಟು ರಸ್ತೆ ಹಾಕಿಸುವುದು. ಅದರ ಸುಖ ಕಂಡ ಜನ ಉಳಿದದ್ದನ್ನು ತಾವೇ ಕೇಳಿ ಪಡೆಯುವಂತೆ ಮಾಡುವುದು. ಇವುಗಳನ್ನು ‘ಸಸಿ ಮೈಲಿ’ಗಳೆಂದು ಕರೆದರು. ಮೊದಲನೆಯದು 1914ರಲ್ಲಿ ಇಲಿನಾಯ್ ಸಂಸ್ಥಾನದ ಮಾಲ್ಟಾ ಊರಿನ ಬಳಿ ಸಿದ್ಧವಾಯಿತು. ಊರೂರಿನಲ್ಲಿ ಸಂಬಳವಿಲ್ಲದ ಪ್ರತಿನಿಧಿಗಳು ಸಂಘದ ಪರವಾಗಿ ದುಡಿದರು. ಅಯೋವಾದ ಟಾಮಾ ಎಂಬ ಊರಿನವರಂತೂ 1915ರಲ್ಲಿ ಕಟ್ಟಿದ ಸೇತುವೆಯ ಕಟಾಂಜನವನ್ನೇ ಹೆದ್ದಾರಿಯ ಹೆಸರಿನ ಅಕ್ಷರಗಳಾಗಿ ಎರಕ ಹೊಯ್ಯಿಸಿದರು. ಆ ಸೇತುವೆ ಈಗಲೂ ಇದೆ.

1919ರಲ್ಲಿ ವಾಷಿಂಗ್ಟನ್ನಿನಿಂದ ಹೊರಟ ಸೈನ್ಯದ ವಾಹನಗಳ ಸಾಲೊಂದು ಬಹುಪಾಲು ಇದೇ ದಾರಿಯಲ್ಲಿ ಸಾಗಿ ಸ್ಯಾನ್‌ಫ್ರಾನ್ಸಿಸ್ಕೋ ಸೇರಲು 62 ದಿನ ಹಿಡಿಯಿತು. ಅದರಲ್ಲಿದ್ದ ತರುಣ ಅಧಿಕಾರಿ ಐಸೆನ್‌ಹೋವರ್ ಆ ಕಷ್ಟವನ್ನು ಮರೆಯಲಿಲ್ಲ. 1926ರಲ್ಲಿ ರಸ್ತೆಗಳಿಗೆ ಹೆಸರಿನ ಬದಲು ಸಂಖ್ಯೆ ಬಂತು. ಲಿಂಕನ್ ಹೆದ್ದಾರಿ ಹಲವು ಸಂಖ್ಯೆಗಳಲ್ಲಿ ಹಂಚಿಹೋಯಿತು. 1927ರ ಕೊನೆಗೆ ಸಂಘ ತನ್ನ ಕಾರ್ಯಾಲಯ ಮುಚ್ಚಿತು. ಕಂಬಗಳು ಅದರ ಕಡೆಯ ಕಾಣಿಕೆ. 1956ರಲ್ಲಿ ಅಧ್ಯಕ್ಷರಾಗಿದ್ದ ಐಸೆನ್‌ಹೋವರರೇ ಅಂತರ ಸಂಸ್ಥಾನ ಹೆದ್ದಾರಿಗಳ ಶಾಸನಕ್ಕೆ ಸಹಿ ಮಾಡಿದರು. ಹೊಸ ರಸ್ತೆಗಳು ಊರುಗಳನ್ನು ಬಳಸಿಕೊಂಡು ದೂರದಿಂದಲೇ ಹಾದುಹೋದವು. ಹಳೆಯ ದಾರಿಯ ಕಂಬಗಳು ಬಹುಪಾಲು ಕಣ್ಮರೆಯಾದವು.

1992ರಲ್ಲಿ ಅಯೋವಾದ ಆಗ್ಡನ್ ಎಂಬಲ್ಲಿ ಆಸಕ್ತರು ಕಲೆತು ಸಂಘಕ್ಕೆ ಮರುಹುಟ್ಟು ಕೊಟ್ಟರು. ಈಗಿನ ಕೆಲಸ ರಸ್ತೆ ಹಾಕುವುದಲ್ಲ. ಹಳೆಯ ಭೂಪಟ ಹಿಡಿದು ನಿಜವಾದ ಮಾರ್ಗವನ್ನು ಕಂಡುಹಿಡಿಯುವುದು, ಮತ್ತೆ ಫಲಕ ನಿಲ್ಲಿಸುವುದು, ಉಳಿದಿರುವ ಕಂಬ ಸೇತುವೆಗಳ ಬೆಲೆಯನ್ನು ಜನಕ್ಕೆ ತಿಳಿಸುವುದು. 2013ರಲ್ಲಿ ಹೆದ್ದಾರಿಗೆ ನೂರು ತುಂಬಿದಾಗ ಎರಡೂ ಕಡಲುಗಳ ಕಡೆಯಿಂದ ಹೊರಟ ಮೋಟಾರುಗಳು ನೆಬ್ರಾಸ್ಕಾದ ಕಿಯರ್ನಿಯಲ್ಲಿ ಸಂಧಿಸಿದವು.

ಈ ಕಾರ್ಯ ಸುಲಭದ್ದಲ್ಲ. ಕೋಟೆಗೆ ಬೇಲಿ ಹಾಕಿ ಕಾಯಬಹುದು. ರಸ್ತೆಗೆ ಬೇಲಿ ಹಾಕಿದರೆ ಅದು ರಸ್ತೆಯೇ ಅಲ್ಲ. ಬಳಕೆಯಲ್ಲಿದ್ದರೆ ಅಗಲೀಕರಣಕ್ಕೆ ಈಡಾಗುತ್ತದೆ, ಬಳಕೆ ತಪ್ಪಿದರೆ ಹುಲ್ಲು ಮುಚ್ಚುತ್ತದೆ. ಎಲ್ಲವನ್ನೂ ಉಳಿಸಲಾಗದು, ಯಾವುದನ್ನು ಉಳಿಸಬೇಕೆಂದು ಅರಿಯಲು ಆ ದಾರಿಯನ್ನು ಬಲ್ಲವರು ಬೇಕು.

ರಸ್ತೆ ಸಾರ್ವಜನಿಕರ ಹೊಣೆಯೆಂಬ ಫೋರ್ಡರ ಮಾತು ಕಾಲಕ್ರಮದಲ್ಲಿ ನಿಜವಾಯಿತು; ತೆರಿಗೆಯ ಹಣದಿಂದ ದೇಶವೆಲ್ಲ ರಸ್ತೆಯಾಯಿತು. ಆದರೆ ನೆನಪನ್ನು ತೆರಿಗೆಯಾಗಿ ವಸೂಲು ಮಾಡಲಾಗದು. ಅದನ್ನು ಯಾರಾದರೂ ತಾವಾಗಿಯೇ ಕೊಡಬೇಕು. 1928ರಲ್ಲಿ ಬಾಲಕರು ಕೊಟ್ಟರು. 1992ರಿಂದೀಚೆಗೆ ಇವರು ಕೊಡುತ್ತಿದ್ದಾರೆ.