ಚಾವಣಿಯ ಶಾಖ–ಸದ್ದು ತಡೆ (ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು)

ಬೇಸಿಗೆಯ ಕಾವು ಮತ್ತು ಹೊರಗಿನ ಸದ್ದು ಮನೆಯೊಳಗೆ ಇಳಿಯದಂತೆ ಚಾವಣಿಯ ಮೇಲೆ ಅಥವಾ ಅದರ ಕೆಳಗೆ ಹಾಕುವ ಪದರ. 1997ರಲ್ಲಿ ಧಾರವಾಡದಿಂದ ಬೇರೆಯಾದ ಹಾವೇರಿ ಜಿಲ್ಲೆಯಲ್ಲಿ ಈ ನಾಲ್ಕು ತಾಲ್ಲೂಕುಗಳಿವೆ. ಹಾನಗಲ್ಲ ಮಲೆನಾಡಿನ ಸೆರಗು, ಅಲ್ಲಿ ಮಳೆ ಹೆಚ್ಚು. ಸವಣೂರಿನತ್ತ ಹೋದಂತೆ ಬಯಲು, ಬಿಸಿಲು. ಏಪ್ರಿಲ್ ಮಧ್ಯಾಹ್ನದ ಉಷ್ಣಾಂಶ 37 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಆದ್ದರಿಂದ ಒಂದೂರಿಗೆ ಒಗ್ಗಿದ ಪದರ ಇನ್ನೊಂದೂರಿಗೂ ಒಗ್ಗುತ್ತದೆ ಎನ್ನಲಾಗದು.

ಹಳೆಯ ಮನೆಗಳಿಗೆ ಈ ಪದರ ಬೇರೆಯಾಗಿ ಬೇಕಿರಲಿಲ್ಲ. ಬಯಲಿನ ಮಾಳಿಗೆ ಮನೆಯಲ್ಲಿ ತೊಲೆ, ಜಂತಿಗಳ ಮೇಲೆ ಗಟ್ಟಿಸಿದ ಮಣ್ಣು ದಪ್ಪದಿಂದ ಕಾವನ್ನೂ ಭಾರದಿಂದ ಸದ್ದನ್ನೂ ತಡೆಯುತ್ತಿತ್ತು. ಮಳೆಯ ಕಡೆಯ ಹಂಚಿನ ಮನೆಯಲ್ಲಿ ಅಟ್ಟವೇ ಗಾಳಿಯ ಪದರ. ಬಿಸಿಗಾಳಿ ಹಂಚಿನ ಸಂದಿಗಳಿಂದ ಹೊರಬೀಳುತ್ತಿತ್ತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಯಂತ್ರದಲ್ಲಿ ಒತ್ತಿದ ಹಂಚು ಘಟ್ಟ ಹತ್ತಿ ಬಂತು. 2019ರ ಆಗಸ್ಟ್ ಮಳೆಗೆ ಈ ಭಾಗದ ಎಷ್ಟೋ ಮಣ್ಣಿನ ಮನೆಗಳು ಕುಸಿದವು. ಇಂದು ಕಟ್ಟುವ ಮನೆಗೆ ಹೆಚ್ಚಾಗಿ ಪತ್ರಾಸು ಎಂಬ ತಗಡಿನ ಹೊದಿಕೆ ಇಲ್ಲವೇ ಕಾಂಕ್ರೀಟಿನ ಸ್ಲ್ಯಾಬು.

ಇವೆರಡರ ತೊಂದರೆ ಒಂದೇ ಅಲ್ಲ. ಅರ್ಧ ಮಿಲಿಮೀಟರ್ ದಪ್ಪದ ಪತ್ರಾಸು ಚದರ ಮೀಟರಿಗೆ ಸುಮಾರು 4 ಕಿಲೋ ತೂಗಿದರೆ, 5 ಇಂಚಿನ ಸ್ಲ್ಯಾಬು 300 ಕಿಲೋ ತೂಗುತ್ತದೆ. ಸದ್ದನ್ನು ತಡೆಯುವುದು ಭಾರ. ಭಾರ ಇಮ್ಮಡಿಯಾದಾಗ ದಾಟಿಬರುವ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಪತ್ರಾಸಿಗೆ ಭಾರವಿಲ್ಲ, ಸಾಲದೆಂಬಂತೆ ಹನಿ ಬಿದ್ದಾಗ ತಾನೇ ನಡುಗಿ ಸದ್ದು ಮಾಡುತ್ತದೆ. ಜುಲೈ ಮಳೆಯಲ್ಲಿ ಹಾನಗಲ್ಲದ ಕಡೆ ಪತ್ರಾಸಿನ ಮನೆಯೊಳಗೆ ಓದುವ ಮಕ್ಕಳ ಪಾಡನ್ನು ಕಂಡವರಿಗೆ ಇದು ಸಣ್ಣ ಮಾತಲ್ಲ.

ಥರ್ಮಾಕೋಲು, ಬಬಲ್ ಶೀಟು ಎರಡನ್ನೂ ಅಂಗಡಿಯವರು ಸದ್ದಿಗೂ ಬಿಸಿಲಿಗೂ ಒಂದೇ ಮದ್ದೆಂದು ಮಾರುವುದುಂಟು. ಅದು ಸರಿಯಲ್ಲ. ಎರಡೂ ಹಗುರ, ದಾಟಿಬರುವ ಸದ್ದನ್ನು ಅವು ತಡೆಯವು. ಬಬಲ್ ಶೀಟಿನ ಹೊಳೆಯುವ ಮೈ ಬಿಸಿಲಿನ ಕಾವನ್ನು ತಡೆಯಬೇಕಾದರೂ ಅದರ ಮುಂದೆ ಒಂದಿಂಚಾದರೂ ಗಾಳಿ ಇರಬೇಕು. ಪತ್ರಾಸಿಗೂ ಸೀಲಿಂಗಿಗೂ ನಡುವೆ ಬಿಗಿದರೆ ಕೊಟ್ಟ ಹಣ ದಂಡ. ಪತ್ರಾಸಿನ ಮನೆಗೆ ತಕ್ಕದ್ದು ರಾಕ್‌ವುಲ್, ಅಂದರೆ ಕಲ್ಲು ಕರಗಿಸಿ ಎಳೆದ ನಾರಿನ ಹಾಸು. ಎರಡಿಂಚಿನ ಹಾಸನ್ನು ಪತ್ರಾಸಿನ ಕೆಳಗೆ ಕೂಡಿಸಿ, ಅದರ ಕೆಳಗೆ ಜಿಪ್ಸಮ್ ಅಥವಾ ಸಿಮೆಂಟ್ ಹಲಗೆಯ ಸೀಲಿಂಗ್ ಹಾಕಬೇಕು. ನಾರು ಕಾವನ್ನು ತಡೆದು ಪತ್ರಾಸಿನ ನಡುಕವನ್ನೂ ತಗ್ಗಿಸುತ್ತದೆ, ಹಲಗೆ ಭಾರ ಕೊಡುತ್ತದೆ. ರಾಕ್‌ವುಲ್ ಸುಡುವುದೂ ಇಲ್ಲ. ಥರ್ಮಾಕೋಲು ಬೆಂಕಿಗೆ ಬೇಗ ಕರಗಿ ಉರಿಯುತ್ತದೆ, ಅಡುಗೆಮನೆಯ ಮೇಲೆ ಅದು ಬೇಡವೇ ಬೇಡ. ಆದರೆ ರಾಕ್‌ವುಲ್ ನೆನೆದರೆ ಕೆಲಸಕ್ಕೆ ಬಾರದು, ಸೋರುವ ಮೊಳೆ ತೂತುಗಳನ್ನು ಮೊದಲು ಮುಚ್ಚಿಸಬೇಕು. ಹಾಸುವವರು ಕೈಗವಸು, ಮಾಸ್ಕ್ ಹಾಕಿಕೊಳ್ಳಬೇಕು.

ಸ್ಲ್ಯಾಬಿನ ಮನೆಗೆ ಮಳೆಯ ಸದ್ದಿನ ಕಾಟವಿಲ್ಲ. ಹಗಲಿಡೀ ಕಾದ ಕಾಂಕ್ರೀಟು ರಾತ್ರಿ ಆ ಕಾವನ್ನು ಕೆಳಗೆ ಬಿಡುತ್ತದೆ, ನಿದ್ದೆ ಕೆಡುವುದು ಅದರಿಂದ. ಕಾವು ಸ್ಲ್ಯಾಬಿಗೆ ಸೇರುವ ಮೊದಲೇ ತಡೆಯಬೇಕಾದ್ದರಿಂದ ಪದರವನ್ನು ಮೇಲೆಯೇ ಹಾಕುವುದು ಸರಿ. ಎಲ್ಲಕ್ಕೂ ಅಗ್ಗದ್ದು ಬಿಳಿ ಸುಣ್ಣ ಅಥವಾ ಬಿಸಿಲು ಹಿಂದಟ್ಟುವ ಬಿಳಿ ಬಣ್ಣ. ಧೂಳು ಹಿಡಿದರೆ ಗುಣ ಇಳಿಯುವುದರಿಂದ ಬೇಸಿಗೆಗೆ ಮುಂಚೆ ತೊಳೆಯಬೇಕು, ಸುಣ್ಣವಾದರೆ ಮತ್ತೆ ಬಳಿಯಬೇಕು. ಇನ್ನೂ ಗಟ್ಟಿ ಉಪಾಯವೆಂದರೆ ನೀರು ಕುಡಿಯದ ಗಟ್ಟಿ ಫೋಮ್ ಹಲಗೆ ಹಾಸಿ ಮೇಲೆ ಸಿಮೆಂಟು, ಬಿಳಿ ಟೈಲ್ಸ್ ಕೂಡಿಸುವುದು. ಇಂಧನ ಉಳಿಸಲು ಕೇಂದ್ರ ಸರ್ಕಾರ ತಂದ 2018ರ ಇಕೋ ನಿವಾಸ್ ಸಂಹಿತೆ ವಸತಿ ಕಟ್ಟಡಗಳ ಚಾವಣಿಯ ಶಾಖ ಸಾಗಣೆಗೆ ಚದರ ಮೀಟರಿಗೆ, ಡಿಗ್ರಿಗೆ 1.2 ವ್ಯಾಟ್ ಮಿತಿ ಇಟ್ಟಿದೆ. ಬರಿಯ ಸ್ಲ್ಯಾಬಿನದು 3ಕ್ಕೂ ಹೆಚ್ಚು. ಒಂದಿಂಚು ಫೋಮ್ ಅದನ್ನು ಮಿತಿಯೊಳಗೆ ತರುತ್ತದೆ, ಎರಡಿಂಚು ಮಿತಿಯ ಅರ್ಧಕ್ಕೆ ಇಳಿಸುತ್ತದೆ.

ಶಿಗ್ಗಾವಿ, ಬಂಕಾಪುರದ ಬಳಿ ರಾಷ್ಟ್ರೀಯ ಹೆದ್ದಾರಿ 48ರ ಲಾರಿಗಳ ಸದ್ದು ಸ್ಲ್ಯಾಬಿನ ಮನೆಗೆ ನುಗ್ಗುವುದು ಕಿಟಕಿ, ಬಾಗಿಲುಗಳಿಂದ. ಅಲ್ಲಿ ಚಾವಣಿಗೆ ಹಾಕುವ ದುಡ್ಡನ್ನು ಕಿಟಕಿಗೆ ಹಾಕುವುದು ಲೇಸು. ಚಾವಣಿಗೆ ಹಳೆಯ ಸಿಮೆಂಟ್ ಶೀಟುಗಳಿದ್ದರೆ ಅವುಗಳಲ್ಲಿ ಕಲ್ನಾರು ಇರುವ ಸಂಭವವುಂಟು. ಅವುಗಳಿಗೆ ತೂತು ಕೊರೆಯಬೇಡಿ, ಕೊಯ್ಯಬೇಡಿ. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಮಾರಕ.