ಹಾಡಿನ ಕೊನೆಯಲ್ಲೊಂದು ಹೆಸರು

ನಿವೃತ್ತಿಯ ನಂತರ ನನ್ನ ಸಂಜೆಗಳು ಹಳೆಯ ಧ್ವನಿಮುದ್ರಿಕೆಗಳಿಗೆ ಮೀಸಲು. ಈಚೆಗೆ ಕೇಳುತ್ತಿರುವುದು ಗೌಹರ್ ಜಾನ್ ಅವರ ಹಾಡುಗಳ ಸಂಕಲನ. ಮೊದಲ ದಿನ ಕರಕರ ಸದ್ದನ್ನು ಸಹಿಸಿಕೊಂಡೆ. ಈಗ ಅದು ಕಿವಿಗೆ ಬೀಳುವುದೇ ಇಲ್ಲ.

1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯ ಹೋಟೆಲೊಂದರಲ್ಲಿ ಯಂತ್ರ ಹೂಡಿ ಇವರ ಗಾಯನವನ್ನು ಮುದ್ರಿಸಿಕೊಂಡರು. ಆಗ ಮೈಕ್ ಎಲ್ಲಿಯದು? ದೊಡ್ಡದೊಂದು ಕಹಳೆಯ ಬಾಯಿಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕಿತ್ತು. ಗಂಟೆಗಟ್ಟಲೆ ಬೆಳೆಸಬಹುದಾದ ರಾಗವನ್ನು ಸುಮಾರು ಮೂರು ನಿಮಿಷಗಳಲ್ಲಿ, ಜೀವ ಕೆಡದಂತೆ, ಹಿಡಿದಿಟ್ಟ ಜಾಣ್ಮೆ ಅವರದು. ಹಾಡು ಮುಗಿಯುತ್ತಲೇ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ತಾವೇ ಸಾರುತ್ತಾರೆ. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಹಾಡಿದವರಾರೆಂದು ಅಲ್ಲಿನವರಿಗೆ ತಿಳಿಯಲೆಂದು ಈ ಉಪಾಯ. ನನಗಂತೂ ಅದರಲ್ಲಿ ಠೀವಿಯೇ ಕೇಳಿಸುತ್ತದೆ.

ಗಳಿಸಿದ ಸಂಪತ್ತು ವ್ಯಾಜ್ಯಗಳಲ್ಲಿ ಕರಗಿತು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಆಸ್ಥಾನ ಗಾಯಕಿಯಾಗಿ ನೇಮಿಸಿಕೊಂಡರು. ಎರಡು ವರ್ಷ ತುಂಬುವ ಮುನ್ನವೇ, 1930ರ ಜನವರಿ 17ರಂದು, ಮೈಸೂರಿನಲ್ಲೇ ಅವರು ತೀರಿಕೊಂಡರು.

ವಿದ್ಯಾರ್ಥಿಮಿತ್ರರೇ, ನಾಲ್ವಡಿಯವರ ಕಾಲವೆಂದರೆ ಕನ್ನಂಬಾಡಿ ಕಟ್ಟೆ, ಭದ್ರಾವತಿಯ ಕಾರ್ಖಾನೆ, ವಿಶ್ವವಿದ್ಯಾನಿಲಯ ಎಂದು ವರ್ಷವರ್ಷವೂ ನಿಮ್ಮಿಂದ ಬಾಯಿಪಾಠ ಮಾಡಿಸಿದವನು ನಾನು. ಈ ಹೆಸರನ್ನು ಒಮ್ಮೆಯೂ ಹೇಳಲಿಲ್ಲ. ಹೇಳುವುದೆಂತು? ನನಗೇ ಗೊತ್ತಿರಲಿಲ್ಲ. ಆ ಬಾಕಿಯ ಪಾಠವನ್ನು ಇಂದು ಒಪ್ಪಿಸುತ್ತಿದ್ದೇನೆ. ಬಿಡುವಾದಾಗ ಅವರ ಭೈರವಿಯ ಠುಮ್ರಿಯನ್ನು ಕೇಳಿರಿ; ಕೊನೆಯಲ್ಲಿ ಆ ಹೆಸರು ಬರುವವರೆಗೆ ನಿಲ್ಲಿಸಬೇಡಿರಿ.