ಬೀದಿಯಿಂದ ಬಂದ ನಾಯಿಯ ಕಜ್ಜಿ: ಮದ್ದಿಗೆ ಮೊದಲು ರೋಗನಿದಾನ

ಬೀದಿಯಿಂದ ರಕ್ಷಿಸಿ ತಂದ ನಾಯಿಯ ಮೈ ಬೋಳಾಗಿದ್ದರೆ ಕಜ್ಜಿಯೆಂದು ತೀರ್ಮಾನಿಸಿ ತುರಿಕೆಗೆ ಸೂಜಿ ಹಾಕಿಸುವುದು ವಾಡಿಕೆ. ಕಣ್ಣಿಗೆ ಒಂದೇ ಬಗೆಯಾಗಿ ಕಾಣುವ ಈ ಬೋಳುತನದ ಹಿಂದೆ ಎರಡು ತೀರ ಬೇರೆ ನುಸಿಗಳಿರಬಹುದು. ಸಾರ್ಕಾಪ್ಟಿಸ್ ಚರ್ಮದ ಮೇಲ್ಪದರದಲ್ಲಿ ಬಿಲ ಕೊರೆಯುತ್ತದೆ. ಕಿವಿಯಂಚು, ಮೊಣಕೈಗಳಲ್ಲಿ ಸಹಿಸಲಾಗದ ತುರಿಕೆ ತರುತ್ತದೆ. ಇತರ ನಾಯಿಗಳಿಗೆ ಬೇಗ ಅಂಟುತ್ತದೆ, ಸಾಕುವವರ ಮೈಮೇಲೂ ಕೆಲಕಾಲ ಗುಳ್ಳೆ ಎಬ್ಬಿಸುತ್ತದೆ. ಡೆಮೊಡೆಕ್ಸ್ ಇರುವುದು ಕೂದಲಿನ ಬುಡದಲ್ಲಿ. ಹುಟ್ಟಿದ ಮೊದಲ ದಿನಗಳಲ್ಲೇ ತಾಯಿಯಿಂದ ಮರಿಗೆ ದಾಟುವ ಇದು ಆರೋಗ್ಯವಂತ ನಾಯಿಯಲ್ಲೂ ಅಲ್ಪಸಂಖ್ಯೆಯಲ್ಲಿರುತ್ತದೆ. ಮೈಯ ಪ್ರತಿರೋಧ ಕುಸಿದಾಗ ಮಿತಿಮೀರಿ ಬೆಳೆಯುತ್ತದೆ. ತುರಿಕೆ ಅಡಗಿಸುವ ಸ್ಟೆರಾಯ್ಡ್ ಆ ಪ್ರತಿರೋಧವನ್ನೇ ಇನ್ನಷ್ಟು ಕುಗ್ಗಿಸುವುದರಿಂದ, ನಾಯಿ ನಾಲ್ಕು ದಿನ ನೆಮ್ಮದಿಯಾಗಿ ಮಲಗಿದರೂ ಡೆಮೊಡೆಕ್ಸ್ ಹರಡುತ್ತಲೇ ಇರುತ್ತದೆ. ಆದ್ದರಿಂದ ಚರ್ಮವನ್ನು ಬ್ಲೇಡಿನಿಂದ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಮೊದಲ ಹೆಜ್ಜೆಯಾಗಬೇಕು.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ಕಳೆದ ದಶಕದಲ್ಲಿ ಬಂದ ಫ್ಲುರಲೇನರ್, ಅಫಾಕ್ಸೊಲೇನರ್‌ನಂಥ ಮಾತ್ರೆಗಳು ಎರಡೂ ನುಸಿಗಳನ್ನು ಕೊಲ್ಲುತ್ತವೆ. ಮೇಲಾಗಿ ಸಾರ್ಕಾಪ್ಟಿಸ್ ಕೆರೆತದಲ್ಲಿ ಸಿಗದೆ ಹೋಗುವುದೇ ಹೆಚ್ಚು. ಹಾಗಿದ್ದರೆ ಪರೀಕ್ಷೆಯೇಕೆ? ಎರಡನೆಯ ಮಾತು ನಿಜ: ಲಕ್ಷಣಗಳು ಸಾರ್ಕಾಪ್ಟಿಸ್‌ನತ್ತ ಬೆರಳು ತೋರುವಾಗ, ನುಸಿ ಕಾಣದಿದ್ದರೂ ಮದ್ದು ಕೊಟ್ಟು ಫಲ ನೋಡುವುದು ಒಪ್ಪತಕ್ಕ ಕ್ರಮ. ಆದರೆ ಬೋಳುತನಕ್ಕೆ ನುಸಿಯೊಂದೇ ಕಾರಣವಲ್ಲ. ಮಕ್ಕಳಿಗೂ ಅಂಟುವ ಹುಳುಕಡ್ಡಿಗೆ ಹೆಚ್ಚಾಗಿ ಕಾರಣ ಮೈಕ್ರೊಸ್ಪೋರಮ್ ಎಂಬ ಶಿಲೀಂಧ್ರ. ಈ ಮಾತ್ರೆ ಅದನ್ನು ಮುಟ್ಟುವುದಿಲ್ಲ. ಕೀವುಗಟ್ಟಿಸುವ ಬ್ಯಾಕ್ಟೀರಿಯಾಕ್ಕೂ ಬೇರೆ ಉಪಚಾರ ಬೇಕು. ಸೆಳವಿನ ಚರಿತ್ರೆಯಿರುವ ನಾಯಿಗೆ ಈ ವರ್ಗದ ಮದ್ದು ಕೊಡುವಾಗ ಎಚ್ಚರವಿರಲಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲೇ ಸೂಚಿಸಿದೆ. ಬೀದಿಯಿಂದ ಬಂದ ನಾಯಿಯ ಚರಿತ್ರೆ ಯಾರಿಗೆ ಗೊತ್ತು? ಮದ್ದು ನಿಲ್ಲಿಸುವ ಗಳಿಗೆಯನ್ನು ತಿಳಿಸುವುದೂ ಪರೀಕ್ಷೆಯೇ. ಡೆಮೊಡೆಕ್ಸ್‌ನಲ್ಲಿ ಕೂದಲು ಮರಳಿ ಬಂದರೆ ಸಾಲದು. ತಿಂಗಳ ಅಂತರದ ಎರಡು ಕೆರೆತಗಳಲ್ಲಿ ನುಸಿ ಕಾಣದಿರಬೇಕು.

ಒಳ್ಳೆಯ ಊಟ ಹಾಕಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಚರ್ಮ ಮತ್ತು ಕೂದಲಿಗೆ ಪ್ರೋಟೀನು ಹೇರಳವಾಗಿ ಬೇಕೆಂಬುದು ದಿಟವೇ, ಆದರೆ ಊಟದಿಂದ ಸಾರ್ಕಾಪ್ಟಿಸ್ ಸಾಯದು. ಸುಟ್ಟ ಎಂಜಿನ್ ಆಯಿಲ್ ಬಳಿಯುವುದಂತೂ ಚಿಕಿತ್ಸೆಯೇ ಅಲ್ಲ. ನಾಯಿ ಅದನ್ನು ನೆಕ್ಕಿ ವಿಷ ನುಂಗುತ್ತದೆ. ನಿದಾನದ ಪರಿಣಾಮ ಒಂದು ನಾಯಿಗೇ ಮುಗಿಯುವುದೂ ಇಲ್ಲ. ಸಾರ್ಕಾಪ್ಟಿಸ್ ಎಂದಾದರೆ ಜೊತೆಯಲ್ಲಿರುವ ನಾಯಿಗಳಿಗೆಲ್ಲ ಮದ್ದಾಗಬೇಕು, ಹಾಸಿಗೆ ಬಟ್ಟೆಯನ್ನು ಬಿಸಿನೀರಲ್ಲಿ ಒಗೆಯಬೇಕು. ಎಳೆಯ ನಾಯಿಯ ಮೈತುಂಬ ಡೆಮೊಡೆಕ್ಸ್ ಹಬ್ಬಿದ್ದರೆ ಜೊತೆಗಾರರನ್ನು ದೂರವಿಡಬೇಕಾಗಿಲ್ಲ. ಆದರೆ ಈ ದೌರ್ಬಲ್ಯ ವಂಶದಲ್ಲಿ ಇಳಿದುಬರುವಂಥದ್ದಾದ್ದರಿಂದ ಅದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕು.